ಆಗುಂಬೆಯಲ್ಲಿ ಕೇಳಿದುದು

ಪ್ರವಾಸ ಹೋಗಿಬಂದವರು ತಾವು ಕಂಡುದನ್ನು ಬರೆಯುವುದು ವಾಡಿಕೆ. ನಾವಾದರೋ ಆಷಾಢಮಾಸದ ನಡುವೆ ಆಗುಂಬೆಗೆ ಹೋದವರು, ಕಂಡದ್ದು ಬಹಳವಿಲ್ಲ. ಹತ್ತು ಮಾರು ದೂರದ ಮರವೂ ತೋರದಂತೆ ಮಂಜು ಕವಿದಿತ್ತು. ಸೂರ್ಯಾಸ್ತಕ್ಕೆ ಹೆಸರಾದ ಕಟ್ಟೆಯ ಮೇಲೆ ನಿಂತು ನಾವು ನೋಡಿದ್ದು ನಮ್ಮ ಕೊಡೆಯ ಒಳಮೈಯನ್ನು ಮಾತ್ರ. ಆದರೆ ಕೇಳಿದುದು ಬೇಕಾದಷ್ಟಿದೆ; ಕೇಳಿಸದೆ ಹೋದುದೂ ಒಂದಿಷ್ಟಿದೆ. ಅವೆರಡನ್ನೂ ವಾಚಕರ ಮುಂದಿಡಬೇಕೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

ನಮ್ಮನ್ನು ಅಲ್ಲಿಗೆ ಕರೆದೊಯ್ದವನು ಹಳೆಯ ಶಿಷ್ಯನೊಬ್ಬ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಸಂಸ್ಕೃತ ಕಲಿಯಲು ಕುಳಿತು, ಕಲಿತುದಕ್ಕಿಂತ ಹೆಚ್ಚಾಗಿ ಕಿಟಕಿಯ ಕಡೆಗೆ ಕತ್ತು ತಿರುಗಿಸಿ ಕಾಲ ಕಳೆದ ಹುಡುಗ. ಈಗ ಬೆಂಗಳೂರಿನಲ್ಲಿ ಚಲನಚಿತ್ರಗಳಿಗೆ 'ಸೌಂಡ್ ಡಿಸೈನರ್' ಆಗಿದ್ದಾನೆ. ಆ ಹೆಸರನ್ನು ಮೊದಲು ಕೇಳಿದಾಗ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಉದ್ಯೋಗವಿರಬೇಕೆಂದು ತಿಳಿದು, ಪರಿಚಿತರ ಮನೆಯ ಮದುವೆಯೊಂದಕ್ಕೆ ಶಿಫಾರಸು ಮಾಡುವುದಾಗಿಯೂ ಹೇಳಿಬಿಟ್ಟಿದ್ದೆವು. ಅವನು ನಕ್ಕು ವಿವರಿಸಿದ ಮೇಲೆ ತಿಳಿದದ್ದಿಷ್ಟು: ಚಿತ್ರದಲ್ಲಿ ಬಾಗಿಲಿನ ಕಿರುಗುಟ್ಟುವಿಕೆ, ಹೆಜ್ಜೆಯ ಸಪ್ಪಳ, ದೂರದಲ್ಲಿ ಬೊಗಳುವ ನಾಯಿ, ಇವೊಂದೂ ಇಲ್ಲದ ಮೌನ ಸಹ ತಾನಾಗಿ ಬಂದುದಲ್ಲ, ಒಬ್ಬನು ಕುಳಿತು ಆರಿಸಿ, ಅಳೆದು, ಹೊಂದಿಸಿದ್ದು. ಅಮೆರಿಕೆಯಲ್ಲಿ 1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರಕ್ಕೆ ವಾಲ್ಟರ್ ಮರ್ಚ್ ಎಂಬಾತ ಮಾಡಿದ ಕೆಲಸದಿಂದ ಈ ವೃತ್ತಿಗೆ ಹೆಸರೂ ಮರ್ಯಾದೆಯೂ ಬಂದುವಂತೆ. ನಾವು 'ಶಬ್ದವಿನ್ಯಾಸ' ಎಂಬ ಮಾತನ್ನು ಸೂಚಿಸಿದೆವು. ಚೆನ್ನಾಗಿದೆ ಎಂದ, ಬಳಸಿದ್ದನ್ನು ಮಾತ್ರ ಕಾಣೆವು.

ಮಲೆನಾಡಿನ ಮನೆಯೊಂದರ ಕಥೆಯುಳ್ಳ ಚಿತ್ರವೊಂದು ಅವನ ಕೈಯಲ್ಲಿತ್ತು. ಅದರ ತುಂಬ ಮಳೆ. ಮಳೆಯ ಸದ್ದು ಸಿದ್ಧವಾಗಿಯೇ ಕ್ರಯಕ್ಕೆ ದೊರೆಯುತ್ತದೆ. ಯಾವುದೋ ದೇಶದಲ್ಲಿ ಬಿದ್ದ ಮಳೆಯನ್ನು ಕೊಂಡು ಹಾಕಿದರೆ ನಿರ್ದೇಶಕರಿಗೇನೂ ಅಭ್ಯಂತರವಿರಲಿಲ್ಲ. ಇವನಿಗೆ ಮನಸ್ಸೊಪ್ಪಲಿಲ್ಲ. "ಅದು ನಮ್ಮ ಹೆಂಚಿನ ಮೇಲೆ ಬಿದ್ದದ್ದಲ್ಲ, ಮೇಷ್ಟ್ರೆ. ನೋಡೋರಿಗೆ ಗೊತ್ತಾಗದೆ ಹೋಗಬಹುದು. ಆದರೆ ಮನೆ ಅವರಿಗೆ ಒಗ್ಗೋದಿಲ್ಲ, ಯಾಕೆ ಅಂತಲೂ ತಿಳಿಯೋದಿಲ್ಲ" ಎಂದ. ಶನಿವಾರ, ಭಾನುವಾರ ಸ್ನೇಹಿತರೊಡನೆ ಆಗುಂಬೆಗೆ ಹೋಗಿ ಮಳೆಯನ್ನು ಹಿಡಿದು ತರುವುದಾಗಿಯೂ, ನಿವೃತ್ತರಾಗಿ ಮನೆಯಲ್ಲೇ ಇರುವ ನಾವೂ ಬರಬೇಕೆಂದೂ ಕರೆದ. ನಮಗೂ ಮನೆಯಿಂದ ಎರಡು ದಿನ ಹೊರಗಿರುವುದು ಹಿತವೆನಿಸಿತ್ತು. ಆ ವಾರ ಒಂಬತ್ತು ವರ್ಷದ ಮೊಮ್ಮಗಳಿಗೂ ನಮಗೂ ಮಾತು ನಿಂತಿತ್ತು. ಸಂಜೆ ಅವಳಿಗೆ ಸ್ತೋತ್ರ ಹೇಳಿಕೊಡುವುದು ನಮ್ಮ ನಿಯಮ. ಹುಡುಗಿ ಸಕಾರವನ್ನು ನುಂಗುತ್ತಾಳೆಂದು ಮೂರು ತಿಂಗಳಿಂದ ತಿದ್ದುತ್ತ ಬಂದಿದ್ದೆವು, ತಿದ್ದಿದಷ್ಟೂ ನುಂಗಿದಳು. ಬುಧವಾರ ಸ್ವಲ್ಪ ಗಟ್ಟಿಯಾಗಿಯೇ ಗದರಿದೆವು. ಅವಳು ಅತ್ತು, "ಸರಿಯಾಗೇ ಹೇಳ್ತಿದೀನಿ ತಾತ" ಎಂದು ಎದ್ದುಹೋದಳು. ಈ ಕಾಲದ ಮಕ್ಕಳ ನಾಲಗೆಯೇ ಹೀಗೆಂದು ನಾವು ಮನೆಯಾಕೆಯೊಡನೆ ದೂರಿಕೊಂಡೆವು. ಆಕೆ ಏನೂ ಹೇಳಲಿಲ್ಲ.

ಶುಕ್ರವಾರ ಮೈಸೂರಿನಿಂದ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಬೆಂಗಳೂರಿನಿಂದ ಬಂದ ಅವರ ಮೋಟಾರನ್ನು ಸೇರಿಕೊಂಡೆವು. ಚಿತ್ರಗಳನ್ನು ಸಂಕಲನ ಮಾಡುವವನೊಬ್ಬ, ಗಣಕಯಂತ್ರದ ಕೆಲಸದವನೊಬ್ಬ, ಸಂಗೀತ ಕಲಿಸುವ ತರುಣಿಯೊಬ್ಬಳು, ನಮ್ಮ ಶಿಷ್ಯ. ನಾಲ್ವರೂ ಕಾಲೇಜಿನ ದಿನಗಳಿಂದ ಜೊತೆಗಾರರು. ಐದನೆಯವನು ಆಗುಂಬೆಯ ಬಳಿ ಅಡಕೆ ತೋಟದ ಮನೆಯವನು. ಪಟ್ಟಣದ ನೌಕರಿ ಬಿಟ್ಟು ಊರಿಗೆ ಮರಳಿದವನು. ವರ್ಷಕ್ಕೊಮ್ಮೆ ಅವನ ಮನೆಯಲ್ಲಿ ಸೇರುವುದು ಇವರ ಕಟ್ಟಲೆ. ತುಂಗೆಯ ದಡ ಹಿಡಿದು ಸಾಗುವಾಗ ಮಂಡಗದ್ದೆಯಲ್ಲಿ ಐದು ನಿಮಿಷ ನಿಂತೆವು. ಕೆಂಪು ಹೊಳೆಯ ನಡುವಣ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ, ಸಂತೆ ನೆರೆದಂತೆ ಗಲಾಟೆ ಮಾಡುತ್ತಿದ್ದುವು. ತೀರ್ಥಹಳ್ಳಿ ದಾಟುವಾಗ ಕತ್ತಲಾಯಿತು. ಅಲ್ಲಿಂದಾಚೆ ಮಳೆಯ ಹೊರತು ಬೇರೇನೂ ಇಲ್ಲ.

ಆಗುಂಬೆಯ ಮಳೆಯನ್ನು ಕುರಿತು ಅಂಕಿಗಳನ್ನು ಹೇಳಿದರೆ ನಂಬುವುದು ಕಷ್ಟ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು; ಇಲ್ಲಿ ಏಳು ಸಾವಿರಕ್ಕೂ ಮಿಕ್ಕಿ. ದಕ್ಷಿಣದ ಚಿರಾಪುಂಜಿ ಎಂಬ ಬಿರುದು ಇದಕ್ಕೆ ಬಹುಕಾಲದಿಂದ ಸಂದಿದೆ. ಈಚಿನ ವರ್ಷಗಳಲ್ಲಿ ಹುಲಿಕಲ್ಲು ಮೊದಲಾದ ಊರುಗಳು ಅದನ್ನು ಹಿಂದೆ ಹಾಕಿದ್ದೂ ಉಂಟು. ಕಾರಣ ಸರಳವಾದುದು. ಅರಬ್ಬೀ ಸಮುದ್ರದಿಂದ ನೀರು ಹೊತ್ತುಬಂದ ಗಾಳಿಗೆ ಇಲ್ಲಿ ಆರುನೂರೈವತ್ತು ಮೀಟರು ಎತ್ತರದ ಘಟ್ಟ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿ ತಣಿಯಲೇಬೇಕು, ತಣಿದು ಹೊರೆಯಿಳಿಸಲೇಬೇಕು.

ಮನೆ ಊರಿನಿಂದ ಎರಡು ಮೈಲಿ ಒಳಗೆ. ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ಚೌಕಿಮನೆ, ಸುತ್ತ ಜಗಲಿ, ಕಪ್ಪಗೆ ಹೊಳೆಯುವ ಮರದ ಕಂಬಗಳು. ಯಜಮಾನನ ತಾಯಿ ಎಂಬತ್ತರ ಮುದುಕಿ. ಬಚ್ಚಲ ಒಲೆಗೆ ಸೌದೆ ತುಂಬಿ, ಹಂಡೆಯ ನೀರು ಕಾಯಿಸಿಟ್ಟು ಕಾದಿದ್ದರು. "ಮಾಷ್ಟ್ರೇ, ಮೊದಲು ಕಾಲು ನೋಡಿಕೊಳ್ಳಿ, ಇಂಬಳ ಹತ್ತಿರ್ತದೆ" ಎಂಬುದೇ ಅವರ ಸ್ವಾಗತವಚನ. ಎರಡು ಹತ್ತಿದ್ದುವು.

ಶನಿವಾರ ಬೆಳಿಗ್ಗೆ ಕೆಲಸ ಮೊದಲಾಯಿತು. ಪೆಟ್ಟಿಗೆಗಳಿಂದ ಮೈಕುಗಳು ಹೊರಬಂದುವು. ಪ್ರತಿಯೊಂದಕ್ಕೂ ಬೂದುಬಣ್ಣದ ದಟ್ಟ ರೋಮದ ಕುಪ್ಪಸ. ಗಾಳಿ ನೇರವಾಗಿ ಬಡಿದರೆ ಮೈಕು ಗುಡುಗುತ್ತದೆ. ರೋಮ ಅದನ್ನು ಬಾಚಿ ಮೆತ್ತಗೆ ಮಾಡಿ ಒಳಬಿಡುತ್ತದೆ. ಮನೆಯ ನಾಯಿಗೆ ಆ ವಸ್ತುವಿನ ಜಾತಿ ನಿಶ್ಚಯವಾಗದೆ ಬಹಳ ಹೊತ್ತು ಬೊಗಳಿತು. ಮಳೆಗಾಲದ ತೇವ ಈ ಯಂತ್ರಗಳಿಗೆ ಶತ್ರು. ಒಳಗೆ ಆರ್ದ್ರತೆ ಸೇರಿದರೆ ಎಣ್ಣೆ ಕಾದಂತೆ ಚಿರಿಗುಟ್ಟುತ್ತವೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಅವನ್ನು ಒಳತಂದು, ತೇವ ಹೀರುವ ಹರಳುಗಳ ಡಬ್ಬಿಯಲ್ಲಿಟ್ಟು ಬಾಣಂತಿಯಂತೆ ಉಪಚರಿಸಬೇಕು.

ಮಳೆಯ ಸದ್ದೆಂಬುದು ಒಂದೇ ಎಂದು ನಾವು ತಿಳಿದಿದ್ದೆವು. ಶಿಷ್ಯನ ಮಾತು ಬೇರೆ. ಬೀಳುವ ಹನಿಗೆ ತನ್ನದೆಂಬ ದನಿ ಇಲ್ಲವೆನ್ನುವಷ್ಟು ಕಡಮೆ. ನಾವು ಕೇಳುವುದು ಹನಿಗೆ ಎದೆಯೊಡ್ಡಿದ ವಸ್ತುವಿನ ದನಿ. ಕೆಸುವಿನ ಎಲೆಯ ಮೇಲೆ ಒಂದು, ಬಾಳೆಯ ಮೇಲೆ ಒಂದು, ಒಣಗಿದ ಅಡಕೆಹಾಳೆಯ ಮೇಲೆ ಡೋಲು ಬಡಿದಂತೆ ಒಂದು, ತುಂಬಿದ ಹಂಡೆಯ ನೀರಿನಲ್ಲಿ ಮತ್ತೊಂದು. ಕೆಲಸದಾಳೊಬ್ಬನು ಗೊರಬು ಹಾಕಿಕೊಂಡು ಬಂದಾಗ ಅವನನ್ನು ಅಂಗಳದಲ್ಲೇ ನಿಲ್ಲಿಸಿ, ಗೊರಬಿನೊಳಗೆ ತಲೆಯ ಪಕ್ಕ ಸಣ್ಣ ಮೈಕು ಸಿಕ್ಕಿಸಿದ. ಆಮೇಲೆ ಅದನ್ನು ನಮಗೆ ಕೇಳಿಸಿದ. ಹೊರಗಿನ ಜಗತ್ತೆಲ್ಲ ಮಳೆ. ಒಳಗೆ ಮನುಷ್ಯನೊಬ್ಬನ ಉಸಿರು. ಅರುವತ್ತು ವರ್ಷದಲ್ಲಿ ನಾವು ಗೊರಬಿನೊಳಗೆ ಒಮ್ಮೆಯೂ ನಿಂತವರಲ್ಲ. ಆ ಕ್ಷಣ ನಿಂತೆವು.

ಹೆಂಚಿನ ವಿಷಯಕ್ಕೆ ಬಂದಾಗ ಒಂದು ತೊಡಕು ಎದ್ದಿತು. ಕಥೆ ನಡೆಯುವುದು ಇನ್ನೂರು ವರ್ಷಗಳ ಹಿಂದೆ. ಮಂಗಳೂರು ಹೆಂಚು ಆಗ ಎಲ್ಲಿಯದು? ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದದ್ದು 1865ರಲ್ಲಿ. ಮುದುಕಿ ಇದನ್ನು ಕೇಳಿಸಿಕೊಂಡು, ತಮ್ಮ ಅತ್ತೆಯವರ ಕಾಲದವರೆಗೂ ಈ ಮನೆಗೆ ಸೋಗೆಯ ಮಾಡಿತ್ತೆಂದರು. "ಸೋಗೆ ಮನೇಲಿ ಮಳೆ ಬಂದದ್ದು ಒಳಗಿದ್ದೋರಿಗೆ ತಿಳೀತಿರಲಿಲ್ಲವಂತೆ. ಹೆಂಚು ಹಾಕಿಸಿದ ವರ್ಷ ಅತ್ತೆಗೆ ರಾತ್ರಿ ನಿದ್ದೆ ಬಂದಿರಲಿಲ್ಲ." ಮಲೆನಾಡಿನ ಮಳೆಯ ನಿಜವಾದ ದನಿಯೆಂದು ನಮ್ಮ ಶಿಷ್ಯನು ಅರಸಿಬಂದ ಹೆಂಚಿನ ದನಿ ಹೀಗೆ ಮೂರು ತಲೆಮಾರಿನ ಹೊಸತಾಯಿತು. ಅವನು ಸಪ್ಪೆಯಾಗಲಿಲ್ಲ, ಕಣ್ಣರಳಿಸಿ, ಸೋಗೆ ಹೊದಿಸಿದ ಕೊಟ್ಟಿಗೆ ಎಲ್ಲಿದೆಯೆಂದು ಕೇಳಿದ. ತೋಟದ ಕೆಳಗೊಂದಿತ್ತು. ದನಗಳ ನಡುವೆ ನಿಂತು ಒಂದು ಗಂಟೆ ಆ ಮೆಲುದನಿಯನ್ನು ಹಿಡಿದರು. ಹಿಡಿದುದರಲ್ಲಿ ಉಳಿದದ್ದು ಅಲ್ಪ. ತೀರ್ಥಹಳ್ಳಿಯಿಂದ ಉಡುಪಿಗೆ ಇಳಿಯುವ ಹೆದ್ದಾರಿ ಅಷ್ಟು ದೂರದಲ್ಲಿದ್ದರೂ, ಘಟ್ಟದ ಹದಿನಾಲ್ಕು ತಿರುವುಗಳನ್ನು ಏರಿಬರುವ ಬಸ್ಸುಗಳ ಏದುಸಿರು ಗಾಳಿಯೊಡನೆ ತೇಲಿಬರುತ್ತಿತ್ತು. ಪ್ರತಿ ಸಲವೂ ಅವನು ಕೈಯೆತ್ತಿ ನಿಲ್ಲಿಸುವನು. ನಮಗೆ ಬಸ್ಸು ಕೇಳಿಸುವ ಮುಂಚೆಯೇ ಅವನ ಕೈ ಮೇಲಿರುತ್ತಿತ್ತು. ಒಂದು ಗಂಟೆಯಲ್ಲಿ ಮೋಟಾರಿಲ್ಲದ ಮಳೆ ಹನ್ನೊಂದು ನಿಮಿಷ ದೊರೆಯಿತು. ಅದನ್ನೇ ದೊಡ್ಡ ಬೇಟೆಯೆಂದು ಸಂಭ್ರಮಿಸಿದರು.

ಮಧ್ಯಾಹ್ನದ ಊಟಕ್ಕೆ ಪತ್ರೊಡೆ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಹಪ್ಪಳ ಕರಿಯುವ ಸದ್ದು ಕಿವಿಗೆ ಬಿದ್ದೊಡನೆ ಶಿಷ್ಯನು ಎಲೆಯ ಮುಂದಿನಿಂದೆದ್ದು ಮೈಕು ಹಿಡಿದು ಅಡಿಗೆಮನೆಗೆ ಓಡಿದ. ಊಟವಾದ ಮೇಲೆ ಎರಡು ಸದ್ದು ಕೇಳಿಸಿ, ಮಳೆ ಯಾವುದೆಂದು ಕೇಳಿದ. ನಾವು ಬಹಳ ವಿಚಾರಮಾಡಿ ಬಾಣಲೆಯನ್ನು ತೋರಿಸಿದೆವು. ಮುದುಕಿಗೆ ನಗೆ ತಡೆಯಲಾಗಲಿಲ್ಲ. ಈ ಬಗೆಯ ಮಾಯೆಗೆ ಹಾಲಿವುಡ್ಡಿನ ಜ್ಯಾಕ್ ಫೋಲಿ ಎಂಬವನ ಹೆಸರನ್ನೇ ಇಟ್ಟಿದ್ದಾರೆ. ತೊಗಲಿನ ಕೈಗವಸನ್ನು ಕೊಡವಿದರೆ ಹಕ್ಕಿಯ ರೆಕ್ಕೆ; ಎರಡು ಚಿಪ್ಪು ಬಡಿದರೆ ಕುದುರೆಯ ಗೊರಸು; ಎಳೆಯ ಸೌತೆಕಾಯಿ ಮುರಿದರೆ ಖಳನಾಯಕನ ಎಲುಬು. ಇದು ಸುಳ್ಳಲ್ಲವೆ ಎಂದು ಕೇಳಿದೆವು. "ಮೇಷ್ಟ್ರೆ, ನೀವೇ ಅಲ್ಲವೆ ಹೇಳಿದ್ದು, ವಾಚ್ಯಾರ್ಥ ಬೇರೆ ಧ್ವನ್ಯರ್ಥ ಬೇರೆ ಅಂತ?" ಎಂದ. ಆನಂದವರ್ಧನನ ಧ್ವನಿತತ್ತ್ವ ಸೌತೆಕಾಯಿಗೆ ಅನ್ವಯಿಸೀತೆಂದು ನಾವು ಎಣಿಸಿರಲಿಲ್ಲ. ತರಗತಿಯಲ್ಲಿ ಏನೋ ಒಂದು ಅವನ ಕಿವಿಗೆ ಬಿದ್ದಿತ್ತೆಂದು ಒಳಗೊಳಗೆ ಸಂತೋಷವಾದದ್ದು ನಿಜ.

ಸಂಜೆ ಜಗಲಿಯಲ್ಲಿ ಎಲ್ಲರೂ ಕಂಬಳಿ ಹೊದೆದು ಕುಳಿತರು. ಕೆಲಸ ಮುಗಿದಿತ್ತು, ಕಷಾಯದ ಲೋಟಗಳೂ ಮಾತೂ ಸುತ್ತುತ್ತಿದ್ದುವು. 1980ರ ದಶಕದಲ್ಲಿ ಶಂಕರನಾಗ್ ಆರ್.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ಈ ಊರೇ ಮಾಲ್ಗುಡಿಯಾದದ್ದನ್ನು ನೆನೆದು, ಎಲ್.ವೈದ್ಯನಾಥನ್ನರ ಆ ರಾಗವನ್ನು ಎಲ್ಲರೂ ಕೂಡಿ ಗುನುಗಿದರು. 1931ರ 'ಆಲಂ ಆರಾ' ಚಿತ್ರವನ್ನು ಸ್ಟುಡಿಯೋ ಬಳಿಯ ರೈಲುಹಾದಿಯ ಗದ್ದಲ ತಪ್ಪಿಸಲು ರಾತ್ರಿಯ ವೇಳೆ ಚಿತ್ರಿಸಿದರೆಂದು ಸಂಕಲನಕಾರನು ಹೇಳಿದ. ಕೈಯೆತ್ತಿ ಬಸ್ಸಿಗೆ ಕಾದ ಬೆಳಗಿನ ದುಃಖ ಅದರಿಂದ ಕೊಂಚ ಕಡಮೆಯಾಯಿತು. ಕೇರಳದ ರಸೂಲ್ ಪೂಕುಟ್ಟಿ 2009ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದ ಧ್ವನಿಮಿಶ್ರಣಕ್ಕಾಗಿ ಇನ್ನಿಬ್ಬರೊಡನೆ ಆಸ್ಕರ್ ಪಡೆದ ಮೇಲೆ ಮನೆಯವರು ತನ್ನ ಉದ್ಯೋಗವನ್ನು ಉದ್ಯೋಗವೆಂದು ಒಪ್ಪಿದರೆಂದು ಶಿಷ್ಯ ಹೇಳಿದ. ಸಂಗೀತದ ತರುಣಿ ಮಳೆಗೆ ಶ್ರುತಿ ಸೇರಿಸಿ ಅಮೃತವರ್ಷಿಣಿಯನ್ನು ಆಲಾಪಿಸತೊಡಗಿದಾಗ, ಇರುವ ಮಳೆಯೇ ಸಾಲದೆ ಎಂದು ಮುದುಕಿ ಒಳಗಿನಿಂದ ಕೂಗಿದರು.

ರಾತ್ರಿ ಮಳೆ ಒಮ್ಮೆಲೇ ನಿಂತಿತು. ಕಪ್ಪೆಗಳ ವಟಗುಟ್ಟುವಿಕೆ, ಸೂರಿನಿಂದ ತೊಟ್ಟಿಕ್ಕುವ ನೀರು. ಇದ್ದಕ್ಕಿದ್ದಂತೆ ತರುಣಿ, "ಆಹಾ, ಇದು ಯಾವ ಹುಳು? ಎಷ್ಟು ತೆಳ್ಳಗೆ ಹಾಡ್ತಿದೆ!" ಎಂದಳು. ಎಲ್ಲರೂ ಕಿವಿಗೊಟ್ಟರು. ಎಲೆಯ ಬಣ್ಣದ ಮಿಡತೆಯ ಜಾತಿಯದೆಂದು ತೋಟದ ಯಜಮಾನ ಹೇಳಿದ. ಶಿಷ್ಯ ಆಗಲೇ ಯಂತ್ರವನ್ನು ಹಚ್ಚಿದ್ದ. ಎಂಬತ್ತರ ಮುದುಕಿಯನ್ನು ಬಿಟ್ಟರೆ ಅಲ್ಲಿದ್ದವರೆಲ್ಲರ ಮುಖದಲ್ಲೂ ಒಂದೇ ಬಗೆಯ ಬೆಳಕು. ನಾವೂ ತಲೆಯಾಡಿಸಿದೆವು. ವಾಚಕರಲ್ಲಿ ಮುಚ್ಚುಮರೆ ಏಕೆ? ನಮಗೆ ಏನೂ ಕೇಳಿಸಿರಲಿಲ್ಲ.

ಉಳಿದವರು ಮಲಗಲು ಹೋದ ಮೇಲೆ ಶಿಷ್ಯನಿಗೆ ಅದನ್ನು ಹೇಳಿದೆವು. ಅವನು ಅಚ್ಚರಿಪಡಲಿಲ್ಲ. ಯಂತ್ರವನ್ನು ಗಣಕಕ್ಕೆ ಜೋಡಿಸಿ ಹೆಡ್‌ಫೋನನ್ನು ನಮ್ಮ ಕಿವಿಗಿಟ್ಟ. ಆ ಯಂತ್ರ ಒಂದು ಸೆಕೆಂಡಿನ ಸದ್ದನ್ನು 96,000 ಸಲ ಅಳೆದು ಬರೆದಿಡುತ್ತದೆ. ಚಲನಚಿತ್ರಕ್ಕೆ 48,000 ಸಾಕು. ಹೆಚ್ಚಿಗೆ ಅಳೆದಿಟ್ಟರೆ ಮುಂದೆ ಸದ್ದನ್ನು ನಿಧಾನಗೊಳಿಸಿದರೂ ಅದು ನೂಲು ಬಿಡುವುದಿಲ್ಲ. ಅವನು ಹುಳುವಿನ ಹಾಡನ್ನು ಅರ್ಧವೇಗಕ್ಕೆ ಇಳಿಸಿದ. ವೇಗ ಅರ್ಧವಾದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆಗ ಕೇಳಿಸಿತು: ಬೆಳ್ಳಿಯ ತಂತಿಯನ್ನು ಅರದಿಂದ ಮೆಲ್ಲನೆ ಉಜ್ಜಿದಂತೆ, ಉಜ್ಜಿ ನಿಲ್ಲಿಸಿ, ಮತ್ತೆ ಉಜ್ಜಿದಂತೆ. ಇಷ್ಟೂ ಹೊತ್ತು ನಮ್ಮ ತಲೆಯ ಪಕ್ಕದಲ್ಲೇ ಇತ್ತು.

ನಮ್ಮ ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದರು. ಅದು ಹುಟ್ಟಿದೆಡೆಯಿಂದ ಕಿವಿಗೆ ಬರುವ ಬಗೆಗೆ ವೀಚೀತರಂಗ, ಕದಂಬಮುಕುಲ ಎಂಬ ಎರಡು ನ್ಯಾಯಗಳನ್ನು ಹೇಳಿದರು. ಕೊಳದಲ್ಲಿ ಅಲೆಯು ಅಲೆಯನ್ನು ಹುಟ್ಟಿಸುತ್ತ ದಡ ಸೇರುವಂತೆ ಒಂದು. ಕದಂಬದ ಮೊಗ್ಗು ಸುತ್ತಲೂ ಒಮ್ಮೆಲೇ ಅರಳುವಂತೆ ಇನ್ನೊಂದು. ಮೂವತ್ತೈದು ವರ್ಷ ಇವನ್ನು ಪಾಠ ಹೇಳಿದೆವು. ಅಲೆ ಬಂದರೂ ದಡವೇ ಸವೆದಿದ್ದರೆ ಏನಾಗುವುದೆಂದು ಯಾವ ಹುಡುಗನೂ ಕೇಳಲಿಲ್ಲ, ನಮಗೂ ತೋರಲಿಲ್ಲ. ಶಿಷ್ಯನೇ ವಿವರಿಸಿದ. ಕಿವಿಯೊಳಗೆ ಶಂಖದಂತೆ ಸುರುಳಿ ಸುತ್ತಿದ ಅಂಗವೊಂದಿದೆ. ಅದರ ಬಾಗಿಲ ಬಳಿಯ ಸೂಕ್ಷ್ಮ ರೋಮಕೋಶಗಳು ತಾರಸ್ವರಗಳನ್ನೂ, ಒಳತುದಿಯವು ಮಂದ್ರಸ್ವರಗಳನ್ನೂ ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುವು ಬಾಗಿಲಿನವು; ಸವೆದವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಎಳೆಯ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಬಲ್ಲುದು. ನಮ್ಮ ವಯಸ್ಸಿನವರಲ್ಲಿ ಅನೇಕರಿಗೆ ಅದರ ಅರ್ಧವೂ ಕಷ್ಟ. ಗದ್ದಲ ಈ ಸವೆತವನ್ನು ಹೆಚ್ಚಿಸುತ್ತದೆ. ಅದಕ್ಕಾಗಿ ಅವನು ಮದುವೆಮನೆಗಳಿಗೆ ಹೋಗುವಾಗ ಜೇಬಿನಲ್ಲಿ ಕಿವಿಯ ಬಿರಡೆ ಇಟ್ಟುಕೊಂಡಿರುತ್ತಾನಂತೆ.

"ಹುಳು ಕೇಳದಿದ್ದರೆ ನಷ್ಟವೇನಯ್ಯ?" ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳು ಹೋಗಲಿ ಮೇಷ್ಟ್ರೆ. ಮನುಷ್ಯರ ಮಾತಿನಲ್ಲಿ ಎಲ್ಲಕ್ಕಿಂತ ಮೇಲಿರೋದು ಸಕಾರ" ಎಂದ. ಗಣಕದ ಪರದೆಯ ಮೇಲೆ ಸದ್ದನ್ನು ಚಿತ್ರವಾಗಿ ತೋರಿಸಿದ. ಸ್ವರಗಳು ಕೆಳಗೆ ಬೇರಿನಂತೆ ದಪ್ಪವಾಗಿ ಹಬ್ಬಿದ್ದುವು. ಶಕಾರ ಅವುಗಳ ಮೇಲೆ ಮೋಡದಂತೆ. ಸಕಾರ ಅದಕ್ಕೂ ಮೇಲೆ, ಆ ಬೆಳಗಿನ ಮಂಜಿನಂತೆ. ಶ, ಷ, ಸಗಳ ಸ್ಥಾನ ತಾಲು, ಮೂರ್ಧ, ದಂತ ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ಬಾಯಲ್ಲಿನ ಸ್ಥಾನವನ್ನು ಬಲ್ಲೆವು. ಕಿವಿಯಲ್ಲಿ ಅದಕ್ಕೊಂದು ಸ್ಥಾನವಿದೆಯೆಂಬುದು ಹೊಸತು.

ಪರೀಕ್ಷೆ ಮಾಡೆಂದು ನಾವೇ ಒತ್ತಾಯಿಸಿದೆವು. ಮಳೆ ಮತ್ತೆ ಹಿಡಿದಿತ್ತು. ಇನ್ನೂ ಮಲಗದಿದ್ದ ತರುಣಿಯನ್ನು ಕರೆದು, ತುಟಿ ನಮಗೆ ಕಾಣದಂತೆ ಜಗಲಿಯ ಆಚೆಯ ಮೂಲೆಯಲ್ಲಿ ನಿಲ್ಲಿಸಿದ. ಸಾರು, ಆರು; ಸುಳಿ, ಉಳಿ; ಸೇರು, ಏರು; ಇವುಗಳಲ್ಲಿ ಯಾವುದನ್ನಾದರೂ ಅವಳು ಹೇಳಬೇಕು, ನಾವು ಮರುನುಡಿಯಬೇಕು. ಇದು ಉಕ್ತಲೇಖನವಲ್ಲದೆ ಬೇರೇನು? ಜೀವಮಾನವೆಲ್ಲ ಕೊಟ್ಟವರು ಆ ರಾತ್ರಿ ತೆಗೆದುಕೊಂಡೆವು. ಹತ್ತಕ್ಕೆ ನಾಲ್ಕು ತಪ್ಪಾದುವು. ನಾಲ್ಕೂ ಸಕಾರದವೇ. ಅವಳು ಸಾರು ಎಂದಾಗ ನಾವು ಆರು ಎಂದಿದ್ದೆವು. ಬಹಳ ನಿಶ್ಚಯದಿಂದಲೇ ಎಂದಿದ್ದೆವು.

ಬಹಳ ಹೊತ್ತು ನಿದ್ದೆ ಬರಲಿಲ್ಲ. ಹಳೆಯದೊಂದು ಮಳೆಗಾಲ ನೆನಪಿಗೆ ಬಂದಿತು. ಸಂಧಿಪ್ರಕರಣದ ಪಾಠ. ಈ ಹುಡುಗ ಸೂರಿನ ನೀರು ತೊಟ್ಟಿಕ್ಕುವ ಲಯಕ್ಕೆ ಮೇಜಿನ ಮೇಲೆ ಬೆರಳಾಡಿಸುತ್ತಿದ್ದ. ಎರಡು ಸಲ ಪ್ರಶ್ನೆ ಕೇಳಿದರೂ ಉತ್ತರವಿಲ್ಲ. ಪಾಠ ಮುಗಿಯುವವರೆಗೂ ಅವನನ್ನು ಹೊರಗಿನ ಜಗಲಿಯಲ್ಲಿ ನಿಲ್ಲಿಸಿದೆವು. ಅವನ ತಂದೆ ಬಂದಾಗ, ಹುಡುಗನ ಎದುರಿಗೇ, "ಇವನಿಗೆ ಕಿವಿಯೆಂಬುದೇ ಇಲ್ಲ" ಎಂದೆವು.

ಭಾನುವಾರ ಐದು ಗಂಟೆಗೆ ಶಿಷ್ಯನು ನಮ್ಮನ್ನೆಬ್ಬಿಸಿದ. ಇಬ್ಬರೇ ತೋಟದಾಚೆಯ ಹಳ್ಳಕ್ಕೆ ಇಳಿದೆವು. ಕತ್ತಲು ಇನ್ನೂ ಹರಿದಿರಲಿಲ್ಲ. ನೀರಿನ ಮೊರೆತದ ಮೇಲಿಂದ ಒಬ್ಬರು ಸಿಳ್ಳು ಹಾಕಿದರು. ಏರಿತು, ಜಾರಿತು, ಒಂದು ಕಡೆ ನಿಂತು ಏನನ್ನೋ ಮರೆತವರಂತೆ ತಡೆದು, ಮತ್ತೊಂದು ರಾಗಕ್ಕೆ ಹೊರಳಿತು. ಯಾರೋ ಹುಡುಗ ದನ ಹೊಡೆಯಲು ಬಂದಿರಬೇಕೆಂದು ಸುತ್ತ ನೋಡಿದೆವು. ಅದು ಹಕ್ಕಿ. ಇಂಗ್ಲಿಷರು ಮಲಬಾರ್ ವಿಸ್ಲಿಂಗ್ ಥ್ರಷ್ ಎನ್ನುವ, ಹೆಗಲಲ್ಲಿ ನೀಲಿ ಹೊಳೆಯುವ ಕಪ್ಪು ಹಕ್ಕಿ. ಘಟ್ಟದ ಹಳ್ಳಗಳ ಬಳಿ ಮಳೆಗಾಲದ ನಸುಕಿನಲ್ಲಿ ಹೀಗೆ ಹಾಡುತ್ತದೆ. ಗುರಿಯಿಲ್ಲದೆ ಅಲೆಯುವ ಈ ಸಿಳ್ಳನ್ನು ಕೇಳಿ 'ಸಿಳ್ಳು ಹಾಕುವ ಶಾಲಾಹುಡುಗ' ಎಂದೂ ಅದನ್ನು ಕರೆದಿದ್ದಾರೆ. ಇದು ನಮಗೆ ಆದಿಯಿಂದ ಅಂತ್ಯದವರೆಗೆ ಕೇಳಿಸಿತು; ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟು ಸಂತೋಷ ಈಚೆಗೆ ಆಗಿರಲಿಲ್ಲ. ಇಪ್ಪತ್ತು ನಿಮಿಷ ಇಬ್ಬರೂ ಕಲ್ಲಿನಂತೆ ನಿಂತೆವು. ಇಂಬಳ ಏರುತ್ತಿರುವುದು ತಿಳಿದರೂ ಕಾಲು ಕೊಡವಲಿಲ್ಲ.

ಯಂತ್ರವನ್ನು ನಿಲ್ಲಿಸಿದ ಮೇಲೆ ಅವನು, "ಈ ಹುಡುಗನನ್ನ ಯಾರು ಹೊರಗೆ ನಿಲ್ಲಿಸಿದ್ದೋ ಮೇಷ್ಟ್ರೆ?" ಎಂದ.

ನೆನಪಿಟ್ಟುಕೊಂಡು ಆಡಿದ ಮಾತೋ, ಸುಮ್ಮನೆ ಬಂದದ್ದೋ ಮುಖದಿಂದ ತಿಳಿಯುವಷ್ಟು ಬೆಳಕಿರಲಿಲ್ಲ. "ಯಾರೋ ಕಿವುಡ ಮೇಷ್ಟ್ರು" ಎಂದೆವು. ಅವನು ಜೋರಾಗಿ ನಕ್ಕು, ನಮ್ಮ ಮೊಣಕಾಲಿನ ಇಂಬಳಕ್ಕೆ ಉಪ್ಪು ಸವರಿದ.

ಹೊರಡುವ ಮುನ್ನ ಒಂದು ಕೆಲಸ ಬಾಕಿಯಿತ್ತು. ಪ್ರತಿಯೊಂದು ಕೋಣೆಗೂ ತನ್ನದೇ ಮೌನವುಂಟಂತೆ. ಚಿತ್ರದಲ್ಲಿ ಮಾತು ನಿಂತೆಡೆಯಲ್ಲಿ ಬರಿಯ ಶೂನ್ಯವನ್ನಿಟ್ಟರೆ ಪ್ರೇಕ್ಷಕನಿಗೆ ಕಿವಿ ಕಟ್ಟಿದಂತಾಗುತ್ತದೆ. ಆದ್ದರಿಂದ ಆಯಾ ಸ್ಥಳದ ಮೌನವನ್ನೂ ಹಿಡಿದು ಒಯ್ಯಬೇಕು. ಎಲ್ಲರೂ ಚೌಕಿಯ ಸುತ್ತ ಕುಳಿತೆವು. ಎರಡು ದಿನ ಒಂದು ಗಳಿಗೆ ಬಿಡದೆ ಹರಟಿದ ಐವರು ಸ್ನೇಹಿತರೂ ಒಂದು ನಿಮಿಷ ಉಸಿರು ಬಿಗಿಹಿಡಿದರು. ಒಲೆಯಲ್ಲಿ ಸೌದೆ ಸಿಡಿಯಿತು. ಎಲ್ಲೋ ಒಂದು ತೊಲೆ ನೀರು ಕುಡಿದು ನಿಟ್ಟುಸಿರಿಟ್ಟಿತು. ಮುದುಕಿ ಮೌನವೆಂದರೆ ಜಪವೆಂದು ತಿಳಿದು ಕಣ್ಣುಮುಚ್ಚಿ ಕೈಮುಗಿದು ಕುಳಿತಿದ್ದರು. ನಮಗೆ ಇಷ್ಟು ಕೇಳಿಸಿತು. ಉಳಿದವರಿಗೆ ಇನ್ನೇನೇನು ಕೇಳಿಸಿತೋ ವಿಚಾರಿಸಲಿಲ್ಲ.

ಸೋಮವಾರ ಬೆಳಗಿನ ಜಾವ ಮೈಸೂರು ತಲಪಿದೆವು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮನೆಗೆ ಅರ್ಧ ಗಂಟೆಯ ನಡಿಗೆ. ದಿನವೂ ವಾಯುಸೇವನೆಗೆ ಅದರ ಮುಂದೆಯೇ ಹೋಗಿ ಬರುತ್ತೇವೆ. ಗುರುವಾರ ಒಳಗೂ ಹೋಗುವುದೆಂದು ನಿಶ್ಚಯಿಸಿಯಾಗಿದೆ. ಮನೆಯಾಕೆಗೆ ವಿಷಯ ತಿಳಿಸಿದಾಗ, ಕುಕ್ಕರಿನ ಸೀಟಿಯನ್ನು ಎರಡು ವರ್ಷದಿಂದ ತಾನೊಬ್ಬಳೇ ಎಣಿಸುತ್ತಿರುವೆನೆಂದಳು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು. ಹೇಳಿದ್ದಳಂತೆ.

ಸಂಜೆ ಮೊಮ್ಮಗಳು ಸ್ಕೂಲಿನಿಂದ ಬಂದು, ಪುಸ್ತಕದ ಚೀಲ ಇಳಿಸಿ, ನಮ್ಮ ಕಡೆ ನೋಡದೆ ಒಳಗೆ ಹೊರಟಳು. ಕರೆದೆವು. ಬುಧವಾರದ ಸ್ತೋತ್ರವನ್ನು ಮತ್ತೊಮ್ಮೆ ಹೇಳೆಂದೆವು. ತಿದ್ದುವುದಕ್ಕೋ ಎಂದು ಅನುಮಾನದಿಂದ ನಿಂತಳು. ಎಂದಿನಂತೆ ಆರಾಮಕುರ್ಚಿಯಲ್ಲಿ ಒರಗದೆ, ಚಾಪೆಯ ಮೇಲೆ ಅವಳೆದುರಿಗೆ, ತುಟಿ ಕಾಣುವಷ್ಟು ಹತ್ತಿರ ಕುಳಿತೆವು. ಅವಳು ಮೊದಲಿನಿಂದ ಹೇಳತೊಡಗಿದಳು. ಎಲ್ಲ ಸಕಾರಗಳೂ ಅಲ್ಲಲ್ಲಿಯೇ ಇದ್ದುವು.